ಶೀಮ್ ಮೀನಿನ ದವಡೆಹಲ್ಲು

ವಾರದ ರಜೆಯ ಶುಕ್ರವಾರ ಹನ್ನೊಂದೂವರೆಯ ಹೊತ್ತಿಗೆ ಕುವೈತಿನ ಸಾಲ್ಮಿಯಾದ ನಾಲ್ಕನೇ ಮಹಡಿಯ ಆ ಮನೆಗೆ ಮೊದಲು ಮೀನು ಬರುತ್ತಿತ್ತು, ಹಿಂದಿನಿಂದ ಸ್ಟ್ಯಾನಿ ಪಾಯಸ್ ಬರುತ್ತಿದ್ದ. ಮೀನಿನ ಚೀಲವನ್ನು ಸಿಂಕಿನಲ್ಲಿಟ್ಟು, ಉಪ್ಪುನೀರು ಜಿನುಗುವ ಗಾಳದ ರೀಲನ್ನು ಬಕೆಟ್ಟಿನಲ್ಲಿಟ್ಟು, ಮರಳು ಮೆತ್ತಿದ ಪ್ಯಾಂಟನ್ನು ಬಚ್ಚಲ ಬಾಗಿಲಲ್ಲಿ ಬಿಟ್ಟು ಸ್ನಾನಕ್ಕೆ ಹೋದರೆ ಅಲ್ಲಿಗೆ ಅವನ ಮೀನುಗಾರಿಕೆ ಮುಗಿಯಿತು. ಅವನ ಹೆಂಡತಿ ಅಪೊಲೋನಿಯಾಳದ್ದು ಆಗ ಶುರು. ರೀಲನ್ನು ಸಿಹಿನೀರಲ್ಲಿ ನೆನೆಸಿ ಒರೆಸಬೇಕು, ಇಲ್ಲದಿದ್ದರೆ ತುಕ್ಕು. ಪ್ಯಾಂಟಿನ ಮರಳನ್ನು ಬಾಲ್ಕನಿಯಲ್ಲಿ ಕೊಡವಬೇಕು, ಇಲ್ಲದಿದ್ದರೆ ವಾಷಿಂಗ್ ಮೆಷಿನ್ ಹಾಳು. ಮೀನು ಹೆರೆದು, ಕತ್ತರಿಸಿ, ತೊಳೆದು, ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡ ಹುರುಪೆಗಳನ್ನು ಒಂದೊಂದಾಗಿ ಹೆಕ್ಕಬೇಕು. ಇದನ್ನು ಆ ಮನೆಯಲ್ಲಿ ಯಾರೂ ಮೀನುಗಾರಿಕೆ ಎಂದು ಕರೆಯುತ್ತಿರಲಿಲ್ಲ.

ಆದರೆ ಮೀನಿನ ಹೊಟ್ಟೆಯೊಳಗೆ ಏನಿರುತ್ತದೆ ಎಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಸ್ಟ್ಯಾನಿಗೆ ಈ ಹುಚ್ಚು ಹಿಡಿದು ಎರಡು ವರ್ಷವಾಗಿತ್ತು. ಶುವೈಖ್‌ನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ ಅವನು ಮೊಬೈಲಿನಲ್ಲಿ ಎಲ್ಲಿಯದೋ ತಣ್ಣಗಿನ ದೇಶದ ಕಾಡು ಕರಾವಳಿಯ ವಿಡಿಯೋ ನೋಡುತ್ತಿದ್ದ. ಕಪ್ಪು ಬಂಡೆಗಳ ನಡುವೆ ಸೊಂಟದವರೆಗಿನ ನೀರಲ್ಲಿ ನಿಂತ ಗಡ್ಡದ ಬಿಳಿಯ ಗಂಡಸರು ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಬೀಸಿ ನೀರಿಗೆ ಎಸೆಯುತ್ತಿದ್ದರು. ದಾರದ ತುದಿಯಲ್ಲಿ ಎರೆ ಇಲ್ಲ. ಗಾಳದ ಕೊಕ್ಕೆಗೆ ಗರಿ, ಕೂದಲು ಸುತ್ತಿ ಕಟ್ಟಿದ ಹುಸಿಮೀನು. ಅದಕ್ಕೆ ಫ್ಲೈ ಎಂದು ಹೆಸರು. ಬಾಸ್ ಎಂಬ ಬೆಳ್ಳಿ ಮೀನು ಅದನ್ನು ನಿಜವಾದ ಮೀನೆಂದು ತಿಳಿದು ನುಂಗುತ್ತಿತ್ತು. ಕುವೈತಿನ ದಡದಲ್ಲಿ ಆ ಬಾಸ್ ಇಲ್ಲ. ಇಲ್ಲಿರುವುದು ಶೀಮ್ ಎಂದು ಅರಬರು ಕರೆಯುವ, ಹಳದಿ ರೆಕ್ಕೆಯ, ಗಿಡ್ಡ ಮೈಯ ಹಟಮಾರಿ ಮೀನು. "ಎಲ್ಲಾ ಒಂದೇ" ಎಂದು ಸ್ಟ್ಯಾನಿ ವಿಡಿಯೋದ ಗಂಡಸರು ಹಾಕುವಂಥದೇ ಟೋಪಿ, ಅಂಥದೇ ರಾಡ್ ತರಿಸಿದ.

ಫ್ಲೈಗಳನ್ನೂ ತರಿಸಿದ್ದ. ಎರಡು ಶುಕ್ರವಾರಗಳಲ್ಲಿ ಅವೆಲ್ಲ ಕಲ್ಲಿಗೆ ಸಿಕ್ಕಿ ಹೋದವು. ಆಮೇಲೆ ಗರಿಯ ಪ್ಯಾಕೆಟ್, ನೂಲು, ಬರಿಯ ಕೊಕ್ಕೆ ತರಿಸಿ ತಾನೇ ಕಟ್ಟಲು ಕುಳಿತ. ಹತ್ತು ನಿಮಿಷದಲ್ಲಿ ಬೆರಳಿಗೆ ಚುಚ್ಚಿಕೊಂಡು, "ಪೊಲ್ಲಿ, ನಿನ್ನ ಕೈ ಸಣ್ಣದುಂಟಲ್ಲ, ಇದೊಂದು ಸ್ವಲ್ಪ ನೋಡ್ತಿಯಾ" ಎಂದ.

ಅವಳು ನೋಡಿದಳು. ಕೈ ಸಣ್ಣದಿತ್ತು, ಅದಕ್ಕಿಂತ ಹೆಚ್ಚಾಗಿ ಆ ಕೈಗೆ ಕಟ್ಟುವುದು ಗೊತ್ತಿತ್ತು. ಅಪೊಲೋನಿಯಾ ಶಂಕರಪುರದವಳು. ಅಲ್ಲಿ ಶಾಲೆಗೆ ಹೋಗುವ ಮುಂಚೆ ಹೆಣ್ಣುಮಕ್ಕಳು ಅಂಗಳದ ಮಲ್ಲಿಗೆ ಮೊಗ್ಗು ಕೊಯ್ದು ಒದ್ದೆ ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಗಂಟು ಬಿಗಿಯಾದರೆ ಮೊಗ್ಗಿನ ತೊಟ್ಟು ತುಂಡಾಗುತ್ತದೆ, ಸಡಿಲಾದರೆ ಉಡುಪಿ ಮುಟ್ಟುವಷ್ಟರಲ್ಲಿ ಉದುರುತ್ತದೆ. ಅವೆರಡರ ನಡುವಿನ ಬಿಗಿ ಎಷ್ಟೆಂದು ಯಾರೂ ಹೇಳಿಕೊಟ್ಟದ್ದಲ್ಲ, ಬೆರಳಿಗೆ ಬಂದದ್ದು. ಮೂವತ್ತು ವರ್ಷ ಸುಮ್ಮನಿದ್ದ ಆ ಬಿಗಿ ಸಾಲ್ಮಿಯಾದ ಡೈನಿಂಗ್ ಟೇಬಲಿನಲ್ಲಿ ಮತ್ತೆ ಬಂತು. ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಅಲ್ಲಿ ಬಿಸಾಡಲಿಟ್ಟಿದ್ದ ಹಳೆಯ ಚಿಮಟವೊಂದನ್ನು ಕೇಳಿ ತಂದಳು. ಕೊಕ್ಕೆಯನ್ನು ಅದರಲ್ಲಿ ಕಚ್ಚಿಸಿ, ಚಿಮಟವನ್ನು ದಪ್ಪ ಅಡುಗೆ ಪುಸ್ತಕದ ಹಾಳೆಗಳ ನಡುವೆ ಸಿಕ್ಕಿಸಿದರೆ ಅಲ್ಲಾಡುತ್ತಿರಲಿಲ್ಲ. ವಾರಕ್ಕೆ ಆರು ಫ್ಲೈ. ವಿಡಿಯೋದಲ್ಲಿ ಕಂಡಂಥದೇ, ಬಿಳಿ ಮೈ, ಹಸಿರು ಬೆನ್ನು, ಸಣ್ಣ ಕಣ್ಣು. ಸ್ಟ್ಯಾನಿ ಅವುಗಳ ಫೋಟೋವನ್ನು ಗೆಳೆಯರ ಗುಂಪಿಗೆ ಕಳಿಸಿದರೆ, "ಸೂಪರ್ ಸ್ಟ್ಯಾನಿ, ಎಂಥ ಕೈಕೆಲಸ" ಎಂದು ಬರುತ್ತಿತ್ತು. ಅವನು ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಿದ್ದ.

ಆ ಫ್ಲೈಗಳಿಗೆ ಎರಡು ವರ್ಷದಲ್ಲಿ ಒಂದೇ ಒಂದು ಶೀಮ್ ಬಿದ್ದಿರಲಿಲ್ಲ. ಇದೂ ಅಪೊಲೋನಿಯಾಳಿಗೆ ಗೊತ್ತಿತ್ತು. ಸಿಂಕಿಗೆ ಮೀನು ಬಂದ ಶುಕ್ರವಾರಗಳಲ್ಲೆಲ್ಲ ಫ್ರೀಜರಿನ ಸಿಗಡಿ ಪೊಟ್ಟಣ ಹಗುರಾಗಿರುತ್ತಿತ್ತು. ಮೂರು ಗಂಟೆ ದಾರ ಬೀಸಿ ಭುಜ ನೋಯಿಸಿಕೊಂಡ ಮೇಲೆ ಸ್ಟ್ಯಾನಿ ಬಂಡೆಯ ಆಚೆಗೆ ಹೋಗಿ ಸಾದಾ ಗಾಳಕ್ಕೆ ಸಿಗಡಿ ಸಿಕ್ಕಿಸಿ ಎರಡು ಹಿಡಿದು ತರುತ್ತಿದ್ದ. ಅವಳು ಸಿಗಡಿಯನ್ನು ಸ್ವಲ್ಪ ಹೆಚ್ಚು ತರಿಸುತ್ತಿದ್ದಳು.

ನವೆಂಬರಿನ ಒಂದು ಶುಕ್ರವಾರ ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದಾಗ ಅವಳ ಬೆರಳಿಗೆ ಒಳಗೆ ಏನೋ ಉರುಟಾಗಿ ತಾಗಿತು. ಕಿಟಕಿಯ ಬೆಳಕಿಗೆ ಹಿಡಿದು ಬಾಯಿ ಅಗಲಿಸಿದಳು. ಮುಂದೆ ಕೆಲವು ಚೂಪು ಹಲ್ಲು. ಹಿಂದೆ, ಎರಡೂ ಬದಿಯಲ್ಲಿ, ಸಾಲು ಸಾಲಾಗಿ ದವಡೆಹಲ್ಲು! ಮನುಷ್ಯರ ಹಲ್ಲಿನ ಹಾಗೆಯೇ, ಮೇಲ್ಮೈ ಸವೆದು ನಯವಾಗಿದ್ದವು.

"ಟೀನಾ, ಬಾ ಇಲ್ಲಿ, ನೋಡು. ಥೇಟ್ ನಿನ್ನ ಡ್ಯಾಡಿಯ ಹಲ್ಲು."

ಹದಿನಾರರ ಮಗಳು ಬಾಗಿಲಲ್ಲೇ ನಿಂತಳು. "ಮಮ್ಮಿ, ದಟ್ಸ್ ಸೋ ಗ್ರಾಸ್."

"ಗ್ರಾಸ್ ಎಂಥದ್ದು? ದಿನಾ ಮೂವತ್ತು ಬಾಯಿ ನೋಡ್ತೇನೆ ನಾನು. ಇದಕ್ಕಿಂತ ಕ್ಲೀನ್ ಬಾಯಿ ಕಂಡದ್ದಿಲ್ಲ."

ಮೂವತ್ತು ಬಾಯಿ ನೋಡುವವಳಿಗೆ ಒಂದು ಸಂಶಯ ಹುಟ್ಟಿತು. ಇದು ನುಂಗುವ ಬಾಯಿಯಲ್ಲ, ಅಗಿಯುವ ಬಾಯಿ. ಸಣ್ಣ ಮೀನನ್ನು ಗುಳುಂ ಮಾಡುವುದಕ್ಕೆ ಯಾರಿಗೆ ಬೇಕು ದವಡೆ? ಅವಳು ಹೊಟ್ಟೆ ಕೊಯ್ದು, ಪ್ರತಿ ಸಲ ಕಸಕ್ಕೆ ಹಾಕುತ್ತಿದ್ದ ಜಠರದ ಚೀಲವನ್ನು ತಟ್ಟೆಯಲ್ಲಿ ಬಿಡಿಸಿದಳು. ಪುಡಿಯಾದ ಏಡಿಯ ಚಿಪ್ಪು, ಒಂದು ಸಣ್ಣ ಕೊಂಡಿ. ಮರುವಾರವೂ ಅದೇ. ಮೂರನೇ ವಾರ ಏಡಿ ಎರಡು, ಸಿಗಡಿ ಒಂದು, ಮತ್ತು ಆ ಸಿಗಡಿ ಅವಳ ಫ್ರೀಜರಿನದ್ದು. ಕೈ ಒರೆಸಿಕೊಂಡು ಫ್ರಿಜ್ಜಿನ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರಿನ ಚೌಕದಲ್ಲಿ ಬರೆದಳು. ಕೊಂಕಣಿ ಮಾತು, ಕನ್ನಡ ಅಕ್ಷರ: ಕುರ್ಲಿ. ಕುರ್ಲಿ. ಕುರ್ಲಿ ಎರಡು, ಸುಂಗಟ ಒಂದು. ಕುರ್ಲಿಯೆಂದರೆ ಏಡಿ, ಸುಂಗಟವೆಂದರೆ ಸಿಗಡಿ. ಡಿಸೆಂಬರ್ ಮುಗಿದು ಹೊಸ ಕ್ಯಾಲೆಂಡರ್ ಬಂದರೂ ಹಳೆಯದನ್ನು ತೆಗೆಯಲಿಲ್ಲ.

ಜನವರಿಯ ಒಂದು ಗುರುವಾರ ಸಂಜೆ ಸ್ಟ್ಯಾನಿ ಮೀನು ಮಾರ್ಕೆಟ್ಟಿನಿಂದ ಎರಡು ಕಿಲೋ ಜೀವಂತ ಏಡಿ ತಂದು ಸಿಂಕಿನಲ್ಲಿ ಸುರಿದ.

"ಇದೆಂಥದು?"

"ಕುರ್ಲಿ! ನೀನೇ ಬರೆದದ್ದಲ್ವಾ? ಎರಡು ತಿಂಗಳಿಂದ ಬರೀತಾ ಇದ್ದಿ, ನಾನು ಮರೀತಾ ಇದ್ದೆ. ಇವತ್ತು ಕಂಡು ಪಾಪ ಅನ್ನಿಸಿತು."

ಅಪೊಲೋನಿಯಾ ಸ್ಟೂಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಡುಗೆಮನೆಯ ಗೋಡೆಯಲ್ಲಿ ಹೆಂಡತಿ ಬರೆದದ್ದೆಲ್ಲ ತರಬೇಕಾದ ಸಾಮಾನು ಎಂದು ಇಪ್ಪತ್ತೆರಡು ವರ್ಷದ ಸಂಸಾರ ಅವನಿಗೆ ಕಲಿಸಿತ್ತು. ಪೂರ್ತಿ ಅವನ ತಪ್ಪೆಂದು ಹೇಳುವಂತಿರಲಿಲ್ಲ. ಅಲ್ಲಿಯವರೆಗೆ ಅವಳೂ ಬೇರೆ ಏನನ್ನೂ ಬರೆದಿರಲಿಲ್ಲ.

"ಅದು ನೀವು ತರಬೇಕಾದ್ದಲ್ಲ ಮಾರಾಯ್ರೆ. ಅವು ತಿಂದದ್ದು."

"ಯಾವುವು?"

"ನಿಮ್ಮ ಶೀಮ್‌ಗಳು. ಹತ್ತು ಮೀನಿನಲ್ಲಿ ಎಂಟರ ಹೊಟ್ಟೆಯಲ್ಲಿ ಕುರ್ಲಿ. ಬಿಳಿ ಮೀನು ಒಂದರಲ್ಲೂ ಇಲ್ಲ. ಎರಡು ವರ್ಷದಿಂದ ನನ್ನ ಹತ್ರ ಬಿಳಿ ಮೀನು ಕಟ್ಟಿಸ್ತಿದ್ದೀರಿ."

ಸ್ಟ್ಯಾನಿ ಹುಬ್ಬು ಹಾರಿಸಿದ. "ಹೋಗು, ಹೋಗು. ಇಡೀ ಪ್ರಪಂಚದಲ್ಲಿ ಬಾಸ್‌ಗೆ ಮೀನಿನ ಫ್ಲೈಯೇ ಹಾಕುವುದು."

"ಬಾಸ್‌ಗೆ ಹಾಕಲಿ. ಬಾಸ್‌ಗೆ ದವಡೆಹಲ್ಲು ಉಂಟಾ? ನಿಮ್ಮ ವಿಡಿಯೋದವರ ಹತ್ರ ಕೇಳಿ."

ಅವನು ವಿಡಿಯೋದವರ ಹತ್ತಿರ ಕೇಳಲಿಲ್ಲ. ಅವಳು ಮಾತ್ರ ಸಾರಿಗೆ ಏಡಿ ಒಡೆಯುವ ಮುಂಚೆ ಒಂದನ್ನು ರೀಲು ನೆನೆಸುವ ಬಕೆಟ್ಟಿಗೆ ಬಿಟ್ಟಳು. ಮರಳು ಹಾಕಿ ನೀರು ತುಂಬಿ, ಒಲೆಯ ಮೇಲಿನದ್ದನ್ನು ಸಣ್ಣ ಉರಿಯಲ್ಲಿಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಳು. ಏಡಿ ಅಡ್ಡಡ್ಡ ಓಡುತ್ತದೆ, ಸರಿ. ಆದರೆ ನೆರಳು ಬಿದ್ದ ಕೂಡಲೇ ಓಡುವುದಿಲ್ಲ. ತಟ್ಟನೆ ನಿಂತು ತಳಕ್ಕೆ ಅಂಟಿಕೊಳ್ಳುತ್ತದೆ. ಮತ್ತೆ ಕೈ ಆಡಿಸಿದಳು. ಮತ್ತೆ ಅಂಟಿತು. ಅಷ್ಟರಲ್ಲಿ ಕಾಯಿಹಾಲು ತಳ ಹಿಡಿದಿತ್ತು.

ಆ ವಾರ ಅವಳು ಏಡಿ ಕಟ್ಟಿದಳು. ಟೀನಾಳ ಹಳೆಯ ಕಂದು ಸ್ವೆಟರಿನ ಉಣ್ಣೆಯ ಮೈ. ಕ್ಲಿನಿಕ್ಕಿನ ಕೈಗವಸನ್ನು ಪಟ್ಟಿ ಪಟ್ಟಿ ಕತ್ತರಿಸಿ ಚಹಾದ ಕಷಾಯದಲ್ಲಿ ನೆನೆಸಿದ ಕಾಲುಗಳು. ಹೊಟ್ಟೆಯ ಅಡಿಯಲ್ಲಿ ಮುಳುಗಲು ಒಂದು ಚೂರು ಸೀಸ. ಎಲ್ಲವೂ ಮಲ್ಲಿಗೆಯ ಗಂಟಿನಲ್ಲಿ. ಟೇಬಲಿನಲ್ಲಿ ಇಟ್ಟಾಗ ಟೀನಾ ಹೆದರಿ ಕಾಲು ಮೇಲೆತ್ತಿದಳು.

ಫ್ಲೈ ಒಯ್ಯಲು ಬುಧವಾರ ರಾಜೀವ್ ಬಂದ. ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ, ಸ್ಟ್ಯಾನಿಯ ಜೊತೆ ಪ್ರತಿ ಶುಕ್ರವಾರ ಹೋಗುವವನು. ಮೊಟ್ಟೆಯನ್ನೂ ತಿನ್ನದ ಮನೆಯವನು. ಸಿಗಡಿ ಮುಟ್ಟಲಾರ, ಮೀನು ಹಿಡಿದರೆ ಬಿಟ್ಟುಬಿಡುತ್ತೇನೆ ಎಂದು ಶಪಥ ಮಾಡಿದ್ದ. ಬಿಡುವ ಪ್ರಸಂಗ ಇನ್ನೂ ಬಂದಿರಲಿಲ್ಲ.

"ಸ್ಟ್ಯಾನಿ, ಇದನ್ನ ಹೆಂಗೆ ಮಾಡಿದ್ರಿ ಗುರುವೇ? ಜೀವ ಇದೆ ಇದಕ್ಕೆ!"

ಸ್ಟ್ಯಾನಿ ಹೆಂಡತಿಯ ಕಡೆ ನೋಡಿದ. ಅವಳು ಚಹಾ ಸೋಸುತ್ತಿದ್ದಳು, ಈ ಕಡೆ ತಿರುಗಲಿಲ್ಲ.

"ಅದು... ಪೊಲ್ಲಿ ಮಾಡಿದ್ದು," ಎಂದ ಸ್ಟ್ಯಾನಿ. "ಮುಂಚಿನದ್ದೂ ಅವಳೇ."

"ಅಕ್ಕ, ನೀವಾ? ಇಷ್ಟು ದಿನ ನಾನು ಇವರನ್ನ ಹೊಗಳಿದ್ದೆಲ್ಲ ವಾಪಸ್ ಕೊಡಿ ಅಂತೀನಿ. ಕೊಡಿ ಇದನ್ನ, ಶುಕ್ರವಾರ ನೋಡೇಬಿಡೋಣ."

ಅವಳು ಏಡಿಯನ್ನು ಎತ್ತಿಕೊಂಡು ಅಂಗೈ ಮುಚ್ಚಿದಳು. "ಕೊಡುವುದಿಲ್ಲ. ನಾನೂ ಬರ್ತೇನೆ. ಶೀಮ್ ಇದರ ಹತ್ರ ಬಂದು ಎಂಥ ಮಾಡ್ತದೆ ಅಂತ ನನಗೆ ನನ್ನ ಕಣ್ಣಲ್ಲೇ ನೋಡಬೇಕು. ಎರಡು ವರ್ಷ ಕಟ್ಟಿದೆ, ಒಂದೂ ನೀರಿಗೆ ಬಿದ್ದದ್ದು ನೋಡಿಲ್ಲ."

ಸ್ಟ್ಯಾನಿಯ ಬಳಿ ತಕರಾರುಗಳಿದ್ದವು. ಶುಕ್ರವಾರ ಟೀನಾಳನ್ನು ಇಗರ್ಜಿಯ ಧರ್ಮೋಪದೇಶದ ಕ್ಲಾಸಿಗೆ ಬಿಡುವವರು ಯಾರು? ಕೆಳಮನೆಯ ವೈಲೆಟ್‌ಬಾಯಿಯ ಕಾರಿನಲ್ಲಿ ಹೋಗುತ್ತಾಳೆ. ಬಲಿಪೂಜೆ? ಸಂಜೆಯದ್ದಕ್ಕೆ ಹೋಗುವುದು. ಮಧ್ಯಾಹ್ನದ ಊಟ? ಅದಕ್ಕೆ ಅವಳು ಏಡಿಯನ್ನು ಸಣ್ಣ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಕೊನೆಗೆ ಅವನು ದನಿ ತಗ್ಗಿಸಿ, "ಅಲ್ಲಿ ಒಂದು ಟಾಯ್ಲೆಟ್ ಸಹ ಇಲ್ಲ, ಗೊತ್ತುಂಟಾ?" ಎಂದ.

"ಕ್ಲಿನಿಕ್ಕಿನಲ್ಲಿ ಎರಡು ಡಾಕ್ಟರುಗಳ ನಡುವೆ ಎಂಟು ಗಂಟೆ ಹಿಡಿದುಕೊಂಡು ನಿಲ್ತೇನೆ. ನಿಮ್ಮ ಸಮುದ್ರ ಎಂಥ ಮಹಾ."

ಹೀಗೆ ಫೆಬ್ರವರಿಯ ಆ ಶುಕ್ರವಾರ ಅವಳೂ ಹೊರಟಳು. ಇನ್ನೆರಡು ಮೂರು ವಾರಗಳಲ್ಲಿ ಮೊಣಕಾಲು ನೀರಿನ ಜಾಗ ಬಿಸಿಯಾಗಿ ಮೀನು ಆಳಕ್ಕೆ ಹೋಗುತ್ತವೆ ಎಂದು ರಾಜೀವ್ ದಾರಿಯಲ್ಲಿ ಹೇಳಿದ. ಈ ಸಲ ಕಾಣದಿದ್ದರೆ ಇನ್ನು ಮುಂದಿನ ಚಳಿಗೇ. ಖೈರಾನ್ ಕಡೆಯ ಬಂಗಲೆಗಳೆಲ್ಲ ಹಿಂದೆ ಉಳಿದು, ಡಾಂಬರು ಮುಗಿದು, ಕಾರು ಮರಳಿನ ಜಾಡಿನಲ್ಲಿ ಕುಲುಕಿತು. ಇಳಿದಾಗ ಕಣ್ಣು ಹೋದಷ್ಟು ದೂರ ಮನೆ ಇಲ್ಲ, ಮರ ಇಲ್ಲ. ಚಪ್ಪಟೆ ಬಂಡೆ, ಅದರಾಚೆ ಬೆಳ್ಳಗಿನ ನೀರು. ಅವಳ ಊರಿನ ಕಡಲು ದೂರದಿಂದಲೇ ಕೂಗುತ್ತದೆ. ಇದು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನಿತ್ತು.

ಸ್ಟ್ಯಾನಿ ಡಿಕ್ಕಿಯಿಂದ ಚಾಪೆ ತೆಗೆದು ಬಂಡೆಯ ಮೇಲೆ ಹಾಸಿದ. ಅದರ ಮೇಲೆ ಚಹಾದ ಫ್ಲಾಸ್ಕು, ಸ್ಯಾಂಡ್‌ವಿಚ್ ಡಬ್ಬಿ, ಕಾರಿನ ಕೀ, ಎರಡು ಮೊಬೈಲು. ಎಲ್ಲವನ್ನೂ ಅವಳೇ ಬೆಳಗಿನ ಜಾವ ತುಂಬಿ ತಂದದ್ದು.

"ನೀನು ಇಲ್ಲಿ ಕೂತುಕೋ. ಇಲ್ಲಿಂದ ಚಂದ ಕಾಣ್ತದೆ. ಇದನ್ನೆಲ್ಲ ನೋಡಿಕೊಳ್ಳಲಿಕ್ಕೂ ಒಬ್ಬರು ಬೇಕಲ್ಲ."

ಅವಳು ಕುಳಿತಳು. ಹತ್ತು ನಿಮಿಷ ಕುಳಿತಳು. ದೂರದಲ್ಲಿ ಗಂಡನ ದಾರ ಗಾಳಿಯಲ್ಲಿ ಬಳುಕುತ್ತಿತ್ತು, ಚಂದವೇ ಇತ್ತು. ಆದರೆ ಕಾಣುತ್ತಿದ್ದುದು ಗಂಡನ ಬೆನ್ನು, ಮೀನಲ್ಲ. ಚಾಪೆ, ಫ್ಲಾಸ್ಕು, ಡಬ್ಬಿ ನೋಡಿದಳು. ಸಾಲ್ಮಿಯಾದಿಂದ ಎಂಬತ್ತು ಕಿಲೋಮೀಟರು ಬಂದರೂ ತಾನು ಅಡುಗೆಮನೆಯಲ್ಲೇ ಇದ್ದೇನೆ ಎನ್ನಿಸಿ ಅವಳಿಗೆ ನಗು ಬಂತು. ಮೊಬೈಲುಗಳನ್ನು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಕಾರಿನಲ್ಲಿಟ್ಟು, ಬೀಗ ಹಾಕಿ, ಕೀಯನ್ನು ಒಳಕುಪ್ಪಸದೊಳಗೆ ಸೇರಿಸಿ, ಚೂಡಿದಾರದ ಪ್ಯಾಂಟು ಮಡಚಿ, ಹಳೆಯ ಶೂ ಹಾಕಿಕೊಂಡು ನೀರಿಗಿಳಿದಳು.

"ಕಾಲು ಎತ್ತಿ ಇಡಬೇಡ!" ಸ್ಟ್ಯಾನಿ ಅಲ್ಲಿಂದಲೇ ಕೂಗಿದ. "ತೊರಕೆ ಮೀನು ಇರ್ತದೆ, ಬಾಲದಲ್ಲಿ ಮುಳ್ಳು! ಜಾರಿಸಿಕೊಂಡು ಬಾ!"

ಜಾರಿಸಿಕೊಂಡು ಹೋದಳು. ನೀರು ಮೊಣಕಾಲಿಗೆ ಬಂತು, ತಣ್ಣಗೆ ಕೊರೆಯಿತು. ಉಬ್ಬರ ಏರುತ್ತಿತ್ತು, ಎರಡು ಬಂಡೆಗಳ ನಡುವಿನ ಮರಳಿನ ಕಾಲುವೆಯಲ್ಲಿ ನೀರು ಒಳಗೆ ಹರಿಯುತ್ತಿತ್ತು. ಅದರ ಅಂಚಿನಲ್ಲಿ ನಿಂತಾಗ ಅವಳು ಕಂಡಳು: ನೀರಿನ ಮೇಲೆ ಒಂದು ಹಳದಿ ಬಾಲ ನಿಧಾನ ಆಡುತ್ತಿದೆ. ತಲೆ ಕೆಳಗೆ, ಬಾಲ ಮೇಲೆ. ಪಾತ್ರೆಯ ತಳ ಉಜ್ಜುವ ಹೆಂಗಸಿನ ಹಾಗೆ ಬಗ್ಗಿಕೊಂಡು ಶೀಮ್ ಮರಳು ಕೆದಕುತ್ತಿತ್ತು. ಅದರ ಹಿಂದೆ ಇನ್ನೆರಡು.

ಸ್ಟ್ಯಾನಿಯೂ ಕಂಡ. ಬೀಸಿದ. ದಾರಕ್ಕೆ ಅವಳೇ ಕಟ್ಟಿಕೊಟ್ಟಿದ್ದ ಏಡಿ ಟಪ್ಪೆಂದು ಬಿತ್ತು. ಮೂರೂ ಮೀನು ಮಿಂಚಿನಂತೆ ಮಾಯ. ಐದು ನಿಮಿಷ ಬಿಟ್ಟು ಮತ್ತೆ ಬಂದವು. ಮತ್ತೆ ಟಪ್, ಮತ್ತೆ ಮಾಯ. ರಾಜೀವ್ ತನ್ನ ಬಿಳಿ ಮೀನಿನ ಫ್ಲೈ ಎಸೆದ; ಒಂದು ಶೀಮ್ ಅದರ ಪಕ್ಕದಲ್ಲೇ ಹಾದುಹೋಯಿತು, ತಿರುಗಿಯೂ ನೋಡಲಿಲ್ಲ.

"ಇಲ್ಲಿ ಕೊಡಿ," ಎಂದಳು ಅಪೊಲೋನಿಯಾ.

"ಎಂಥ ಕೊಡುವುದು? ಇದು ಎಸೆಯಲಿಕ್ಕೆ ಆರು ತಿಂಗಳು ಕಲೀಬೇಕು."

"ಎಸೆಯುವುದು ಯಾರಿಗೆ ಬೇಕು? ಕುರ್ಲಿ ಎಲ್ಲಿಯಾದ್ರೂ ಆಕಾಶದಿಂದ ಬೀಳ್ತದಾ? ಕೊಡಿ ಅಂದೆ."

ರಾಜೀವ್ ನಗು ತಡೆಯಲಾರದೆ ಆ ಕಡೆ ತಿರುಗಿದ. ಸ್ಟ್ಯಾನಿ ರಾಡ್ ಕೊಟ್ಟ. ಅವಳು ದಾರವನ್ನು ಕೈಯಲ್ಲೇ ಹಿಡಿದು ಕಾಲುವೆಯ ಬಾಯಿಗೆ ಹೋಗಿ, ಮೀನು ಬರುವ ದಾರಿಯಲ್ಲಿ ಏಡಿಯನ್ನು ಮರಳಿನ ಮೇಲೆ ಇಟ್ಟಳು. ಬಟ್ಟಲನ್ನು ಕಪಾಟಿನಲ್ಲಿ ಇಡುವಂತೆ, ಇಟ್ಟಳು. ಹಿಂದೆ ಸರಿದು, ದಾರ ಬಿಡುತ್ತಾ ಬಂದು, ಬಗ್ಗಿ ನಿಂತಳು.

ಬಹಳ ಹೊತ್ತಾಯಿತು. ಬೆನ್ನು ನೋಯುತ್ತಿತ್ತು, ಅದು ಅಭ್ಯಾಸದ ನೋವು. ಆಮೇಲೆ ಒಂದು ಶೀಮ್ ಕಾಲುವೆಯಲ್ಲಿ ಒಳಗೆ ಬಂತು. ಅವಳು ದಾರವನ್ನು ಒಂದು ಅಂಗುಲ ಎಳೆದಳು. ಏಡಿ ಅಡ್ಡಕ್ಕೆ ಸರಿದು ಒಂದು ಚೂರು ಮರಳು ಎಬ್ಬಿಸಿತು. ಮೀನು ತಿರುಗಿತು. ಅವಳು ನಿಲ್ಲಿಸಿದಳು. ಬಕೆಟ್ಟಿನ ಏಡಿಯ ಹಾಗೆ ಅದು ತಳಕ್ಕೆ ಅಂಟಿತು. ಮೀನು ಹತ್ತಿರ ಬಂತು, ಏಡಿಯ ಮೇಲೆ ತಲೆ ಬಗ್ಗಿಸಿತು. ಬಾಲ ನೀರಿನಿಂದ ಮೇಲೆದ್ದಿತು. ಕಣ್ಣು ಹೊರಳಿತು, ಹೌದು, ಅವಳಿಗೆ ಕಂಡಿತು, ಕಣ್ಣು ಹೊರಳಿತು. ಬಾಯಿ ತೆರೆಯಿತು, ಕಂದು ಉಣ್ಣೆ ಒಳಗೆ ಹೋಯಿತು. ದವಡೆ ಒಮ್ಮೆ ಆಡಿತು.

"ಎಳಿ! ಎಳಿ! ಪೊಲ್ಲಿ, ಎಳಿ!"

ಮೀನು ಏಡಿಯನ್ನು ಉಗುಳಿತು. ಬಾಯಿಗೆ ಬಂದ ಕಲ್ಲನ್ನು ಉಗುಳುವ ಮಕ್ಕಳ ಹಾಗೆ ಥೂ ಎಂದು ಉಗುಳಿ, ಗಡಿಬಿಡಿಯೇ ಇಲ್ಲದೆ ತಿರುಗಿ ಹೋಯಿತು.

ಸ್ಟ್ಯಾನಿ ನೀರನ್ನು ಒದೆಯುತ್ತಾ ಓಡಿಬಂದ. "ಎಳೆಯಲಿಕ್ಕೆ ಎಂಥ ಆಗಿತ್ತು ನಿನಗೆ? ಎರಡು ವರ್ಷ! ಎರಡು ವರ್ಷದಲ್ಲಿ ಮೊದಲ ಸಲ ಬಾಯಿಗೆ ಹಾಕಿದೆ ಅದು! ಎಂಥ ಮಾಡ್ತಾ ಇದ್ದಿ ನೀನು?"

"ನೋಡ್ತಾ ಇದ್ದೆ," ಎಂದಳು ಅವಳು.

ನೇರವಾದಾಗ ಅವಳ ಮುಖ ಕೆಂಪಾಗಿತ್ತು, ಮೂಗಿನ ತುದಿಯಲ್ಲಿ ಸಮುದ್ರದ ಒಂದು ಹನಿ ನಿಂತಿತ್ತು. ಸ್ಟ್ಯಾನಿ ಇನ್ನೂ ಏನೋ ಹೇಳಹೊರಟವನು ಆ ಮುಖ ನೋಡಿ ಅವಳ ಕೈಯ ರಾಡ್ ತೆಗೆದುಕೊಂಡು ದಾರ ಸುತ್ತತೊಡಗಿದ.

ಆಮೇಲೆ ಇನ್ನು ಯಾವ ಮೀನೂ ಬರಲಿಲ್ಲ. ಸ್ಟ್ಯಾನಿ ಬಂಡೆಯ ಆಚೆ ಹೋಗಲೂ ಇಲ್ಲ. ಹೆಂಡತಿಯ ಎದುರು ಸಿಗಡಿ ಹೊರತೆಗೆಯುವುದು ಹೇಗೆ? ಹಿಂತಿರುಗುವಾಗ ರಾಜೀವ್ ಮುಂದಿನ ಸೀಟನ್ನು ಅವಳಿಗೆ ಬಿಟ್ಟ. ಇಬ್ಬರು ಗಂಡಸರೂ ದಾರಿಯುದ್ದಕ್ಕೂ ಕೇಳಿದರು. ಮೊದಲು ಬಾಯಿ ಹಾಕಿತಾ, ಮೂಸಿ ನೋಡಿತಾ? ಎಷ್ಟು ಹೊತ್ತು ಬಾಯಲ್ಲಿತ್ತು? ಅವಳು ಒಂದೊಂದನ್ನೂ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಸಾಲ್ಮಿಯಾ ಹತ್ತಿರವಾಗುತ್ತಿದ್ದಂತೆ ಅವಳಿಗೆ ಬೇರೆಯೇ ಒಂದು ಪ್ರಶ್ನೆ ಬಂತು: ಬಾಯಿಗೆ ಹಾಕಿಕೊಂಡದ್ದನ್ನು ಅದು ಉಗುಳಿದ್ದೇಕೆ?

ಸಿಂಕು ಒಣಗಿತ್ತು. ಹೆರೆಯಲು ಏನೂ ಇರಲಿಲ್ಲ. ಸ್ನಾನ ಮುಗಿಸಿ ಬಂದ ಸ್ಟ್ಯಾನಿ, "ಊಟಕ್ಕೆ ಎಂಥ?" ಎಂದು ಕೇಳಿದಾಗ ಅಪೊಲೋನಿಯಾ ಒದ್ದೆ ಪ್ಯಾಂಟಿನಲ್ಲೇ ಡೈನಿಂಗ್ ಟೇಬಲಿನ ಮುಂದೆ ಕುಳಿತಿದ್ದಳು. ಎದುರಿಗೆ ತಟ್ಟೆಯಲ್ಲಿ ಏನೇನೋ ಸಾಲಾಗಿ ಇಟ್ಟುಕೊಂಡಿದ್ದಳು.

"ನಿನ್ನೆಯ ಸಾರು ಫ್ರಿಜ್ಜಿನಲ್ಲುಂಟು. ಅನ್ನಕ್ಕೆ ಇಡಿ. ಒಂದು ಲೋಟ ಅಕ್ಕಿಗೆ ಎರಡೂವರೆ ನೀರು. ಕುಕ್ಕರಿನ ರಬ್ಬರ್ ಕಪಾಟಿನಲ್ಲಿ, ಎಡಗಡೆ."

ಅವನು ಅಡುಗೆಮನೆಗೆ ಹೋದ. ಕಪಾಟುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು, ಮುಚ್ಚಿಕೊಂಡವು. ಇಲ್ಲಿ ಅವಳು ಕಣ್ಣು ಮುಚ್ಚಿ ಹುಣಸೆಬೀಜವೊಂದನ್ನು ದವಡೆಗೆ ಇಟ್ಟು ಕಚ್ಚಿದಳು. ಕಲ್ಲು. ಇದಲ್ಲ. ಮೊಟ್ಟೆಚಿಪ್ಪು. ಅದು ಪುಡಿ ಪುಡಿ. ಸಾಬಕ್ಕಿ, ಒಣಮೆಣಸಿನ ತೊಟ್ಟು, ತೆಂಗಿನ ಗೆರಟೆಯ ಚೂರು. ಯಾವುದೂ ಅಲ್ಲ. ಅಕ್ಕಿ ಒಲೆಗಿಟ್ಟು ಕೈ ಒರೆಸಿಕೊಳ್ಳುತ್ತಾ ಬಂದ ಸ್ಟ್ಯಾನಿ ಅವಳನ್ನೇ ನೋಡುತ್ತಾ ನಿಂತ.

"ಹಲ್ಲು ನೋವಾ?"

"ಅದು ಯಾಕೆ ಉಗುಳಿತು ಅಂತ ಗೊತ್ತಾಯಿತು. ಕಚ್ಚುವಾಗ ಶಬ್ದ ಬರಲಿಲ್ಲ ಅದಕ್ಕೆ. ಉಣ್ಣೆ ಅಲ್ವಾ, ಮೆತ್ತಗೆ. ಕುರ್ಲಿಯ ಕಾಲು ಕಚ್ಚಿದರೆ ನಮಗೇ ಟಪ್ ಅಂತ ತಲೆಯೊಳಗೆ ಕೇಳ್ತದೆ. ದವಡೆಯವರಿಗೆ ಅದು ಬೇಕು."

ಟೇಬಲಿನ ಮೂಲೆಯಲ್ಲಿ ಅವನ ಗರಿಯ ಪ್ಯಾಕೆಟ್ ಇತ್ತು. ಎರಡು ವರ್ಷ ಅವಳು ಗರಿಯ ನವಿರನ್ನು ಮಾತ್ರ ಕಿತ್ತು ಕಟ್ಟಿ, ನಡುವಿನ ದಂಟನ್ನು ಕಸಕ್ಕೆ ಹಾಕಿದ್ದಳು. ಈಗ ಒಂದು ದಂಟನ್ನು ತುಂಡು ಮಾಡಿ ಬಾಯಿಗಿಟ್ಟಳು. ಕಚ್ಚಿದಳು. ಕಣ್ಣು ತೆರೆದಳು. ಇನ್ನೊಂದು ತುಂಡನ್ನು ಗಂಡನ ಕಡೆ ಚಾಚಿದಳು.

"ಛೀ, ಎಲ್ಲಿಯ ಕೋಳಿಯದ್ದೋ!"

"ಬಾಯಿ ತೆಗೀರಿ."

ಅವಳು ದಿನಕ್ಕೆ ಮೂವತ್ತು ಜನರಿಗೆ ಹೇಳುವ ದನಿ ಅದು. ಸ್ಟ್ಯಾನಿ ಬಾಯಿ ತೆಗೆದ, ಕಚ್ಚಿದ.

"ಶಬ್ದ ಬಂತಾ?"

ಅವನು ಹುಬ್ಬು ಗಂಟು ಹಾಕಿ ಯೋಚಿಸಿದ. "ಸ್ವಲ್ಪ."

"ತುಟಿ ಮುಚ್ಚಿ ಇನ್ನೊಮ್ಮೆ. ನೀರಿನೊಳಗೆ ಇದ್ದೇನೆ ಅಂತ ಗ್ರಹಿಸಿ."

ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಅವಳು ಚಿಮಟಕ್ಕೆ ಕೊಕ್ಕೆ ಕಚ್ಚಿಸುತ್ತಿದ್ದಳು, ಏಳಲಿಲ್ಲ. ಅವನು ಬಾಯಲ್ಲಿದ್ದದ್ದನ್ನು ಜಾಗ್ರತೆಯಾಗಿ ಕಚ್ಚುತ್ತಲೇ, ಕೇಳಿಸಿಕೊಳ್ಳುತ್ತಲೇ, ಒಲೆ ಆರಿಸಲು ಹೋದ.